ಮುರಳೀಧರ ಮರೆತ ಚೀಟಿ

ಆಪ್ತ ಸಹಾಯಕ ಎಂದರೆ ಫೋನೆತ್ತುವವನು ಅಂತ ಊರಲ್ಲಿ ತಿಳಿದಿದ್ದರು. ಅಲ್ಲ ಸ್ವಾಮಿ. ಹದಿನಾಲ್ಕು ವರ್ಷ ಸಂಸದ ಕೇಶವಮೂರ್ತಿ ಲೋಕಸಭೆಯಲ್ಲಿ ಎದ್ದು ಮಂತ್ರಿಗಳ ಬೆವರಿಳಿಸಿದ ಪ್ರಶ್ನೆಗಳನ್ನೆಲ್ಲ ದೆಹಲಿಯ ಲೋಧಿ ಕಾಲೋನಿಯ ಎರಡು ಕೋಣೆಯ ಮನೆಯಲ್ಲಿ ಕೂತು ಬರೆದವನು ಈ ಮುರಳೀಧರ. ಹೆಸರು ಅವರಿಗೆ, ಬೆನ್ನುನೋವು ಇವನಿಗೆ.

ಕೇಶವಮೂರ್ತಿಯವರ ವಾಗ್ವಾದವೆಲ್ಲ ಕನ್ನಡದಲ್ಲೇ. ಹಿಂದಿ ಅವರು ಕಲಿತದ್ದು ತರಕಾರಿ ಭಯ್ಯಾನ ಹತ್ತಿರ; ಅದನ್ನು ಸಭೆಯಲ್ಲಿ ಆಡಲು ಮರ್ಯಾದೆ ಅಡ್ಡ ಬರುತ್ತಿತ್ತು. ಆದರೆ ಕನ್ನಡದಲ್ಲಿ ಮಾತಾಡುವವರು ಮುಂಚೆಯೇ ಸಭೆಯ ಕಚೇರಿಗೆ ಒಂದು ಚೀಟಿ ಬರೆದುಕೊಡಬೇಕು. ಆಗಷ್ಟೇ ಅನುವಾದಕರು ಬಂದು ಕೂರುತ್ತಾರೆ. ಚೀಟಿ ಕೊಡುವುದೂ ಮುರಳೀಧರನ ಕೆಲಸವೇ.

ಅವರ ಕ್ಷೇತ್ರದಲ್ಲಿ ಗೇಟಿಲ್ಲದ ಒಂದು ರೈಲ್ವೆ ಕ್ರಾಸಿಂಗ್ ಇತ್ತು. ಶಾಲೆಗೆ ಹೊರಟ ಆಟೋ ಅಲ್ಲಿ ರೈಲಿಗೆ ಸಿಕ್ಕಿ ಮೂರು ಮಕ್ಕಳು ಸತ್ತಿದ್ದವು. ಗೇಟು ಯಾವಾಗ ಎಂದು ಐದು ವರ್ಷ ಲಿಖಿತ ಪ್ರಶ್ನೆ ಕೇಳಿದರು. ಐದು ವರ್ಷವೂ ಒಂದೇ ಉತ್ತರ, ಪರಿಶೀಲನೆಯಲ್ಲಿದೆ. ೨೦೦೮ರ ಡಿಸೆಂಬರಿನಲ್ಲಿ ಸಭೆಯಲ್ಲಿ ಎದ್ದು ಕೇಳುವ ಪ್ರಶ್ನೆಗಳನ್ನು ಆರಿಸಲು ಲಾಟರಿ ಎತ್ತಿದಾಗ ಅದೇ ಪ್ರಶ್ನೆ ಎರಡನೆಯದಾಗಿ ಬಂತು. ಮಂತ್ರಿಯನ್ನು ಎದುರಾಬದುರು ಹಿಡಿಯುವ ಅವಕಾಶ. ಚುನಾವಣೆ ತಲೆಯ ಮೇಲಿತ್ತು. ಈ ಸಲ ತಪ್ಪಿದರೆ ಗೇಟಿನ ಕಥೆ ಮುಗಿದಂತೆಯೇ.

ಮುರಳೀಧರ, ಮಂತ್ರಿಯ ಉತ್ತರದ ಮೇಲೆ ಕೇಳಬೇಕಾದ ಉಪಪ್ರಶ್ನೆಯನ್ನು ತಿದ್ದಿದ್ದೇ ತಿದ್ದಿದ್ದು. ಎಂಟು ಸಾಲು, ಒಂದೊಂದೂ ಚಾಟಿಯೇಟು. ಹೆಂಡತಿ ರತ್ನಾ ಇಟ್ಟ ಉಪ್ಪಿಟ್ಟು ಆರಿ ತಣ್ಣಗಾಯಿತು. ಹೊತ್ತಾಯಿತೆಂದು ಓಡಿದ. ಗ್ಯಾಲರಿಯಲ್ಲಿ ಕೂತು, ಸಾಹೇಬರು ಎದ್ದು ನಿಂತದ್ದನ್ನು ನೋಡಿದ ಮೇಲೆ ನೆನಪಾಯಿತು. ಚೀಟಿ ಕೊಟ್ಟೇ ಇರಲಿಲ್ಲ.

ಕೇಶವಮೂರ್ತಿ ಕನ್ನಡದಲ್ಲಿ ಎರಡು ಸಾಲು ಓದಿದರು. ಮಂತ್ರಿ ಕಿವಿಯ ಯಂತ್ರ ತಟ್ಟಿ ನೋಡಿ ಕೈಚೆಲ್ಲಿದರು. ಅನುವಾದಕರಿಲ್ಲ, ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಕೇಳಿ ಎಂದು ಪೀಠದಿಂದ ಸೂಚನೆ ಬಂತು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಮುರಳೀಧರನಿಗೆ ಅಲ್ಲೇ ಭೂಮಿಗಿಳಿದು ಹೋಗುವಷ್ಟು ನಾಚಿಕೆಯಾಯಿತು. ಸತ್ತ ಮಕ್ಕಳಿಗೆ ತಾನೇ ಮೋಸ ಮಾಡಿದೆ ಅನ್ನಿಸಿತು.

ಕೇಶವಮೂರ್ತಿ ಕಾಗದ ಮಡಚಿ ಜೇಬಿಗಿಟ್ಟರು. ಆಮೇಲೆ ಅದೇ ತರಕಾರಿ ಹಿಂದಿಯಲ್ಲಿ, ಗೇಟಿಲ್ಲ, ಮೂರು ಮಕ್ಕಳು ಸತ್ತಿವೆ, ಅಷ್ಟು ಹೇಳಿ ಯಾವಾಗ ಹಾಕುತ್ತೀರಿ ಎಂದು ಕೇಳಿದರು: "ಮಂತ್ರೀಜಿ, ಕಬ್ ಲಗೇಗಾ?"

ಯಾರೂ ನಗಲಿಲ್ಲ. ಉದ್ದದ ಪ್ರಶ್ನೆಗೆ ಉದ್ದದ ಉತ್ತರ ಹಿಡಿದು ಬಂದಿದ್ದ ಮಂತ್ರಿ ಒಮ್ಮೆ ಫೈಲು ನೋಡಿದರು, ಒಮ್ಮೆ ಇವರ ಮುಖ ನೋಡಿದರು. ಮಾರ್ಚ್ ಒಳಗೆ ಎಂದರು. ತಾರೀಕು ಕಡತಕ್ಕೆ ಬಿತ್ತು.

ಹೊರಗೆ ಬಂದಾಗ ಮುರಳೀಧರ ತಪ್ಪೊಪ್ಪಿಕೊಂಡ. ಸಾಹೇಬರು ಬಯ್ಯಲಿಲ್ಲ, ಕ್ಯಾಂಟೀನಿಗೆ ಕರೆದೊಯ್ದು ಚಹಾ ಕುಡಿಸಿದರು. ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಮೇ ತಿಂಗಳಲ್ಲಿ ಅವರು ಸೋತರು. ಮುರಳೀಧರ ಇನ್ನೊಬ್ಬ ಸಂಸದರ ಕೈಕೆಳಗೆ ಸೇರಿದ. ಮಾರ್ಚ್ ಎಂದದ್ದು ಆಗಸ್ಟ್ ಆಯಿತು. ಒಂದು ಬೆಳಿಗ್ಗೆ ಅವನು ಬಸ್ಸಿಗೆ ನಿಂತಿದ್ದಾಗ ಕೇಶವಮೂರ್ತಿಯವರ ಫೋನು ಬಂತು.

"ಗೇಟಿನ ಹತ್ರಾನೇ ನಿಂತಿದ್ದೀನಿ ಕಣಯ್ಯಾ, ಹಾಕಿದ್ದಾರೆ. ಕೇಳಿಸ್ಕೊ."

ಫೋನನ್ನು ಅತ್ತ ಹಿಡಿದರು. ಮುಚ್ಚಿದ ಗೇಟಿನ ಮುಂದೆ ಸಾಲುಗಟ್ಟಿದ ಗಾಡಿಗಳ ಹಾರ್ನು, ಹಿಂದೆಯೇ ಮಕ್ಕಳ ಗಲಾಟೆ. ಆಟೋದವನೊಬ್ಬ ಸ್ಕೂಲಿಗೆ ಹೊತ್ತಾಯಿತೆಂದು ಕೂಗಾಡುತ್ತಾ, ಇಲ್ಲಿ ಗೇಟು ಹಾಕಿಸಿದವನ ವಂಶವನ್ನೇ ಜಾಲಾಡುತ್ತಿದ್ದ.

ಮುರಳೀಧರ ಎರಡು ಬಸ್ಸು ಬಿಟ್ಟು ಆ ಬೈಗುಳವನ್ನು ಕೊನೆಯವರೆಗೂ ಕೇಳಿದ.