ಪಾದ ಮುಚ್ಚುವ ಫ್ರಾಕು

ಟೈಲರ್ ಅಕ್ಕ ಮಗಳಿಗೆ ಹೊಲಿಯುವ ಫ್ರಾಕುಗಳೆಲ್ಲ ಪಾದ ಮುಚ್ಚುವಷ್ಟು ಉದ್ದ. ಹುಟ್ಟುವಾಗಲೇ ಮಗುವಿನ ಬೆನ್ನುಹುರಿ ಸರಿಯಾಗಿ ಮುಚ್ಚಿಕೊಂಡಿರಲಿಲ್ಲ. ಅದಕ್ಕೆ ಸ್ಪೈನಾ ಬೈಫಿಡಾ ಎನ್ನುತ್ತಾರೆ. ಕಾಲಿಗೆ ಬಲವಿಲ್ಲ, ಮುಟ್ಟಿದರೂ ತಿಳಿಯದು, ಓಡಾಟವೆಲ್ಲ ಗಾಲಿಕುರ್ಚಿಯಲ್ಲಿ. ಕಂಡವರ ಕಣ್ಣು ಆ ಕಾಲುಗಳ ಮೇಲೆ ಬೀಳುವುದು ಅಕ್ಕನಿಗೆ ಸುತರಾಂ ಆಗದು. ಒಮ್ಮೆ ಗಿರಾಕಿಯೊಬ್ಬಳು ‘ಪಾಪ’ ಎಂದಿದ್ದಕ್ಕೆ, ಅರ್ಧ ಹೊಲಿದ ಅಂಗಿಯನ್ನು ಅವಳ ಕೈಗೇ ತುರುಕಿ ಕಳಿಸಿದ್ದಳು.

ಇಂಥ ಮಕ್ಕಳಿಗೆ ಮೂತ್ರ ಸರಿಯಾಗಿ ಹೋಗದೆ ಕಿಡ್ನಿ ಕೆಡುವ ಭಯವಿರುತ್ತದೆ. ಆದರೆ ಕಿಡ್ನಿ ಕೆಟ್ಟರೆ ರಕ್ತದಲ್ಲಿ ಏರಬೇಕಾದ ಕ್ರಿಯಾಟಿನಿನ್ ಆಸ್ಪತ್ರೆಯ ಪ್ರತಿ ತಪಾಸಣೆಯಲ್ಲೂ ಕಡಿಮೆಯೇ ಬರುತ್ತಿತ್ತು. ‘ನಾರ್ಮಲ್’ ಎಂಬ ಮಾತು ಕೇಳಿ ಅಕ್ಕ ನಿರಾಳವಾಗಿ ಮನೆಗೆ ಮರಳುತ್ತಿದ್ದಳು.

ಈ ಸಲ ಹೊಸ ಡಾಕ್ಟರಮ್ಮ ಇದ್ದರು. “ಫ್ರಾಕ್ ಸ್ವಲ್ಪ ಮೇಲೆತ್ತಿ,” ಎಂದರು. ಕಾಲು ನೋಡಿದ್ದೇ ಅವರ ಮುಖ ಗಂಭೀರವಾಯಿತು.

“ಕ್ರಿಯಾಟಿನಿನ್ ಬರೋದೇ ಮಾಂಸಖಂಡದಿಂದ ಕಣಮ್ಮ. ಇವಳ ಕಾಲಲ್ಲಿ ಅದೇ ಇಲ್ಲ. ಕಿಡ್ನಿ ಕೆಟ್ಟಿದ್ರೂ ಕಡಿಮೆನೇ ತೋರಿಸಬಹುದು. ಬೇರೆ ರಕ್ತಪರೀಕ್ಷೆ ಮಾಡೋಣ.”

“ಹಾಗಾದ್ರೆ ಇಷ್ಟು ವರ್ಷ?”

ಡಾಕ್ಟರಮ್ಮ ಪರೀಕ್ಷೆಯ ಚೀಟಿ ಬರೆದು ಮುಂದೆ ಚಾಚಿದರು.

ಮಗಳ ರಕ್ತ ಕೊಟ್ಟು ಹೊರಗೆ ಕಾಯುವಾಗ, ಮರೆತು ಕೊರಳಲ್ಲೇ ತಂದಿದ್ದ ಟೇಪನ್ನು ತೆಗೆದಳು. ಊರವರ ಅಳತೆಯನ್ನೆಲ್ಲ ತೆಗೆಯುವವಳು ಈ ಕಾಲಿಗೆ ಎಂದೂ ಟೇಪು ಸುತ್ತಿರಲಿಲ್ಲ. “ಅಳತೆ ತಗೋತೀನಿ, ಇರು,” ಎಂದು ಬಗ್ಗಿ ಮೀನಖಂಡಕ್ಕೆ ಸುತ್ತಿದಳು. ಅದು ತನ್ನ ಮಣಿಕಟ್ಟಿನಷ್ಟೂ ದಪ್ಪವಿರಲಿಲ್ಲ. ನಂಬಲಾಗದೆ ಟೇಪನ್ನು ಇನ್ನಷ್ಟು ಬಿಗಿಯಾಗಿ ಎಳೆದಳು.

ಕಿಟಕಿಯಾಚೆ ನೋಡುತ್ತಿದ್ದ ಮಗಳು ತಿರುಗಲೂ ಇಲ್ಲ.

“ಬೇಗ ಶುರು ಮಾಡಮ್ಮ,” ಎಂದಳು.