ಬೇಡವೆಂದ ನಾಲ್ಕನೆಯ ಕೋಲು

ಕಾಳೇಗೌಡ ಆ ಸೆರೆಯಾಳನ್ನು ಹೊಡೆಯಲಿಲ್ಲ. ಕೋಲು ತಾನಾಗಿ ಮುರಿಯಿತು. ಅದರ ಕುತ್ತಿಗೆಯಲ್ಲಿ ಸೀಳು ಇದ್ದದ್ದು ನನಗೆ ಗೊತ್ತಿತ್ತು — ಗೊತ್ತಿದ್ದೂ ಅವನ ಕೈಗೆ ಕೊಟ್ಟೆ. ಆಮೇಲೆ ಸುಳ್ಳು ಹೇಳಿದೆ. ಹದಿನಾರು ವರ್ಷ ಇದನ್ನು ನನ್ನೊಳಗೇ ಇಟ್ಟುಕೊಂಡಿದ್ದೆ. ಈಗ ಸುಲ್ತಾನನ ಕೋಟೆ ಬಿದ್ದಿದೆ, ನಾನು ಹೆದರುತ್ತಿದ್ದವರು ಯಾರೂ ಉಳಿದಿಲ್ಲ. ಭಯ ಹೋದ ಮೇಲೆ ಹೇಳುತ್ತಿರುವ ಸತ್ಯ ಇದು; ಅದಕ್ಕಿರುವ ಬೆಲೆ ಎಷ್ಟೆಂದು ನನಗೂ ಗೊತ್ತು.

ನಾನು ವೀರಾಚಾರಿ, ಬಡಗಿ. ಆಗ ಶ್ರೀರಂಗಪಟ್ಟಣದಲ್ಲಿ ಫಿರಂಗಿ ಗಾಡಿ ಮಾಡುವ ಕಾರ್ಖಾನೆಯಲ್ಲಿದ್ದೆ. ಯುದ್ಧದಲ್ಲಿ ಸಿಕ್ಕಿಬಿದ್ದ ಬಿಳಿಯರಲ್ಲಿ ಒಬ್ಬನನ್ನು ನಮ್ಮ ಜೊತೆ ಕೆಲಸಕ್ಕೆ ಹಾಕಿದ್ದರು. ಕೆಂಪು ಗಡ್ಡದ ಸ್ಯಾಂಡಿ. ನಮ್ಮ ಬಾಯಲ್ಲಿ ಸಂಡಯ್ಯನಾದ. ಅವನ ಕಾವಲಿಗೆ ಇದ್ದವನೇ ಶೀಳನೆರೆಯ ಕಾಳೇಗೌಡ. ಇವನ ಅಣ್ಣ ಬಿಳಿಯರ ಗುಂಡಿಗೆ ಸತ್ತಿದ್ದ. ಆದರೂ ತನ್ನ ಮುದ್ದೆಯಲ್ಲಿ ಅರ್ಧ ಮುರಿದು ಸಂಡಯ್ಯನ ಮುಂದೆ ಇಡುತ್ತಿದ್ದ. ಎರಡು ವರ್ಷದಲ್ಲಿ ಸಂಡಯ್ಯ ನಮ್ಮ ಮಾತನ್ನು ಅಷ್ಟಿಷ್ಟು ಕಲಿತ.

ತನ್ನ ಊರಿನ ಆಟವೊಂದನ್ನು ಅವನು ದಿನವೂ ನೆನೆಯುತ್ತಿದ್ದ. ಪುಕ್ಕ ತುಂಬಿದ ಚರ್ಮದ ಚೆಂಡನ್ನು ಕೋಲಿನಿಂದ ಹೊಡೆದು ಹೊಡೆದು ದೂರದ ಕುಳಿಯೊಂದಕ್ಕೆ ಬೀಳಿಸುವುದು, ಅಷ್ಟೆ. ‘ಗೌಫ್’ ಎನ್ನುತ್ತಿದ್ದ. ಕಾಳೇಗೌಡ ನಕ್ಕುಬಿಟ್ಟಿದ್ದ: "ಅಂಗಾದ್ರೆ ಇದು ನಮ್ ಗೌಡ್ರ ಆಟವೇ ಬುಡು! ನಂಗೂ ಕಲ್ಸು."

ಸಂಡಯ್ಯ ಮಣ್ಣಿನಲ್ಲಿ ಗೀಚಿ ತೋರಿಸಿದಂತೆ ನಾನು ಬಿಡುವಿನಲ್ಲಿ ನಾಲ್ಕು ಕೋಲು ಮಾಡಿದೆ. ಒಂದು ಗಿಡ್ಡನೆಯದು, ಕುಳಿಯ ಹತ್ತಿರ ಚೆಂಡನ್ನು ಉರುಳಿಸಲು. ಒಂದು ಮಧ್ಯಮ. ಒಂದರ ತಲೆ ಓರೆ, ಮರಳಿನಿಂದ ಎತ್ತಿ ಹಾರಿಸುವುದಕ್ಕೆ. ನಾಲ್ಕನೆಯದು ಉದ್ದ, ಜಾಲಿ ಮರದ ಗಟ್ಟಿ ತಿರುಳಾದ ಚೇಗಿನಲ್ಲಿ ಕಡೆದ ದಪ್ಪ ತಲೆ, ಎಣ್ಣೆ ಉಜ್ಜಿ ಉಜ್ಜಿ ಮುಖ ಕಾಣುವ ಹಾಗೆ ಮಾಡಿದ್ದೆ. ನನ್ನ ಕೈಯಲ್ಲಿ ಅಷ್ಟು ಚೆಂದದ ಕೆಲಸ ಅದುವರೆಗೆ ಬಂದಿರಲಿಲ್ಲ.

ಸಂಡಯ್ಯ ಎಲ್ಲವನ್ನೂ ತೂಗಿ ನೋಡಿದ. ಮೂರನ್ನು ಕಾಳೇಗೌಡನ ಕಡೆಗೆ ಇಟ್ಟ, ಉದ್ದದ್ದನ್ನು ಬೇರೆ ಇಟ್ಟ. "ಹೊಸಬನಿಗೆ ಮೂರು ಸಾಕು. ಇದು ಬೇಡ. ಕೈ ಪಳಗಲಿ."

ನನಗೆ ಮುಖಕ್ಕೆ ಹೊಡೆದಂತಾಯಿತು. ನನ್ನ ಒಳ್ಳೆಯ ಕೆಲಸವೇ ಬೇಡವೆ! ಅದೇ ವಾರ ಅದರ ಕುತ್ತಿಗೆಯಲ್ಲಿ, ತಲೆ ಸೇರುವ ಕಡೆ, ಕೂದಲೆಳೆಯಷ್ಟು ಸೀಳು ಕಂಡಿತು. ಅರಗು ತುಂಬಿ, ಮೇಲೆ ದಾರ ಸುತ್ತಿದೆ. ನೋಡಿದವರಿಗೆ ಅಲಂಕಾರ. ಸಂಡಯ್ಯನಿಗೂ ಹೇಳಲಿಲ್ಲ.

ಮರ ತರಲು ನಮ್ಮನ್ನು ಬೆಳಗೊಳದ ಕಡೆಗೆ ಕರೆದೊಯ್ದ ಬೆಳಿಗ್ಗೆ ಕಾರ್ಖಾನೆಯ ಮೇಲ್ವಿಚಾರಕ ದರೋಗನೂ ಬಂದಿದ್ದ. ಮೇಸ್ತ್ರಿಯ ಜಾಗ ಖಾಲಿಯಾಗಿತ್ತು, ಯಾರನ್ನು ಮಾಡಬೇಕೆಂಬುದು ಅವನ ಕೈಯಲ್ಲಿತ್ತು. ಗಾಡಿಗಳು ಬರುವವರೆಗೆ ಹೊಳೆಯ ಪಕ್ಕದ ಬಯಲಿನಲ್ಲಿ ಆಟ ನಡೆಯಿತು. ಕಾಳೇಗೌಡ ಮಧ್ಯಮದ ಕೋಲಿನಲ್ಲಿ ಎರಡು ಸಲ ಹೊಡೆದ. ದರೋಗ ಒಮ್ಮೆ ಇತ್ತ ನೋಡಿ ಮುಗುಳ್ನಕ್ಕ. ಆ ನಗೆ — ಅದೇ ನನ್ನನ್ನು ಕೆಡಿಸಿತು ಎನ್ನಲೆ? ಇಲ್ಲ. ಕೆಟ್ಟವನು ನಾನೇ. ನನ್ನ ಕೈಕೆಲಸ ದರೋಗನ ಕಣ್ಣಿಗೆ ಬೀಳಲೆಂದು, ಜೊತೆಗೆ ಹೊತ್ತು ತಂದಿದ್ದ ಉದ್ದದ ಕೋಲನ್ನು ಕಾಳೇಗೌಡನ ಕೈಗೆ ತುರುಕಿದೆ.

"ತಕೋ ಗೌಡ, ಇದ್ರಲ್ಲಿ ಬೀಸು. ಒಳೆ ದಾಟ್ತದೆ."

"ಬೇಡ, ಬೇಡ," ಎಂದು ಸಂಡಯ್ಯ ಕೈ ಅಲ್ಲಾಡಿಸುತ್ತ ಹತ್ತಿರ ಬಂದ.

ಕಾಳೇಗೌಡ ನನ್ನ ಮುಖ ನೋಡಿದ. "ಎಂಗ್ಲಾ ಆಚಾರಿ, ತಡೀತದಾ?"

"ತಡೀತದೆ, ಬೀಸು."

ದರೋಗ ಆ ಹೊತ್ತಿಗೆ ಗಾಡಿಗಳ ಕಡೆ ತಿರುಗಿದ್ದ. ಕಾಳೇಗೌಡ ಬೀಸಿದ. ಚಟ್ಟೆಂದಿತು. ಕೋಲಿನ ತಲೆ ಕಳಚಿ ಹಾರಿ ನೇರವಾಗಿ ಸಂಡಯ್ಯನ ಎಡಗಣ್ಣಿಗೆ ಬಡಿಯಿತು. ಅವನು ಕೂಗಲೂ ಇಲ್ಲ, ಕುಸಿದ.

ದರೋಗ ಓಡಿ ಬಂದಾಗ ಕಂಡದ್ದು ಇಷ್ಟು: ರಕ್ತದಲ್ಲಿ ಬಿದ್ದ ಕೈದಿ, ಅವನ ಪಕ್ಕದಲ್ಲಿ ಮುರಿದ ಕೋಲು ಹಿಡಿದ ಕಾವಲುಗಾರ. ಆ ಕಾವಲುಗಾರನ ಅಣ್ಣ ಹೇಗೆ ಸತ್ತನೆಂಬುದು ಎಲ್ಲರಿಗೂ ಗೊತ್ತು. ಕಾರ್ಖಾನೆಗೆ ಸಂಡಯ್ಯ ಬೇಕಾದ ಆಳು. ದರೋಗ ನನ್ನ ಕಡೆ ತಿರುಗಿದ.

"ಕೋಲು ಮಾಡಿದವನು ನೀನು. ಇದು ತಾನಾಗಿ ಮುರಿಯಿತೋ, ತಲೆಗೆ ಬಡಿದು ಮುರಿಯಿತೋ?"

ಅರಗು ಮೆತ್ತಿದ ದಾರದ ತುಂಡು ನನ್ನ ಕಾಲ ಬಳಿ ಬಿದ್ದಿತ್ತು. ಅದರ ಮೇಲೆ ಪಾದ ಇಟ್ಟೆ.

"ತಾನಾಗಿ ಮುರಿಯೋ ಮರ ಅಲ್ಲ, ಸ್ವಾಮಿ. ಬಡುದ್ರೆ ಮುರೀಬೇಕು."

ಕಾಳೇಗೌಡ ನನ್ನನ್ನೇ ನೋಡುತ್ತಿದ್ದ. ನಾನು ಇನ್ನೇನೋ ಹೇಳುತ್ತೇನೆಂದು ಕಾಯುತ್ತಿದ್ದನೋ ಏನೋ — ಅವನ ರಟ್ಟೆ ಹಿಡಿದು ಎಳೆದುಕೊಂಡು ಹೋದರು.

ಅವನಿಗೆ ಬೇಡಿ ಹಾಕಿ ಮೂರು ವರ್ಷ ನಾಗಮಂಗಲದ ಕಡೆ ಕಲ್ಲು ಒಡೆಯುವ ಕೆಲಸಕ್ಕೆ ಕಳಿಸಿದರು. ಸಂಡಯ್ಯ ಬದುಕಿದ, ಕಣ್ಣು ಹೋಯಿತು. ಅವನನ್ನು ಬೇರೆ ಸೆರೆಮನೆಗೆ ಒಯ್ದರು. ಏನಾಯಿತೆಂದು ಅವನನ್ನು ಯಾರೂ ಕೇಳಲಿಲ್ಲ. ಸಂಧಿಯಾದ ಮೇಲೆ ಬಿಡುಗಡೆಯಾಗಿ ತನ್ನವರೊಂದಿಗೆ ಹೊರಟುಹೋದ. ನಾನು ಮೇಸ್ತ್ರಿಯಾದೆ. ಹೌದು, ಆದೆ.

ಹೋದ ತಿಂಗಳು ಶೀಳನೆರೆಗೆ ನಡೆದುಕೊಂಡು ಹೋದೆ. ಕಾಳೇಗೌಡ ಹೊಲದಲ್ಲಿ ನೇಗಿಲಿಗೆ ಹಗ್ಗ ಬಿಗಿಯುತ್ತಿದ್ದ. ಬಲಗೈಯಲ್ಲಿ ಎರಡೇ ಬೆರಳು. ಉಳಿದವು ಕಲ್ಲಿಗೆ ಸಿಕ್ಕಿ ಜಜ್ಜಿಹೋದವಂತೆ. ಎಡಗೈ ಮತ್ತು ಹಲ್ಲಿನಿಂದ ಗಂಟು ಹಾಕುತ್ತಿದ್ದ. ನಾನು ನಿಂತಲ್ಲೇ ಎಲ್ಲವನ್ನೂ ಹೇಳಿದೆ — ಸೀಳು, ಅರಗು, ಪಾದದಡಿಯ ದಾರ. ಅವನು ಗಂಟು ಬಿಗಿದು ಮುಗಿಸುವವರೆಗೂ ತಲೆಯೆತ್ತಲಿಲ್ಲ.

"ನಂಗ್ಯಾಕ್ಲಾ ಏಳ್ತೀಯ? ನಾ ಒಡೀಲಿಲ್ಲ ಅಂತ ನಂಗೊತ್ತಿಲ್ವಾ?" ಎಂದ. ನೇಗಿಲಿನ ಹಿಡಿ ಹಿಡಿದು ದನಿ ಇಳಿಸಿದ: "ನಮ್ಮವ್ವ ಕಣ್ಲಾ... ಸಾಯೋಗಂಟ ಕೇಳ್ತಿದ್ಲು. ಅನ್ನ ಆಕಿದ್ ಕೈನಾಗೆ ಯಾಕ್ಲಾ ಒಡ್ದೆ ಅಂತ. ನಾ ಒಡೀಲಿಲ್ಲ ಕಣವ್ವಾ ಅಂದ್ರೆ ನಂಬ್ತಿರ್ನಿಲ್ಲ. ಆಚಾರಿ ಯಾಕ್ ಸುಳ್ಳೇಳ್ತಾನೆ ಅನ್ನೋಳು."

ಅವಳು ಹೋಗಿ ಎರಡು ವರ್ಷವಾಯಿತಂತೆ.

ಎರಡು ವರ್ಷ ಮೊದಲು ಇದೇ ದಾರಿ ಇತ್ತು, ನನಗೆ ಇವೇ ಕಾಲುಗಳಿದ್ದವು.

ಅವನು ಎತ್ತುಗಳನ್ನು ಹೊಡೆದುಕೊಂಡು ಹೊರಟ. ನಾನು ಊರ ಚಾವಡಿಗೆ ಹೋಗಿ, ಅಲ್ಲಿ ಕೂತಿದ್ದವರ ಮುಂದೆ ಮತ್ತೊಮ್ಮೆ ಎಲ್ಲವನ್ನೂ ಹೇಳಿದೆ. ಒಬ್ಬ ಮುದುಕ ಎದ್ದು ನನ್ನ ಕಾಲ ಬಳಿ ಉಗಿದು ಹೋದ. ಒಬ್ಬ ಹೆಂಗಸು ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಅಯ್ಯೋ, ಆ ಮುದುಕಿ..." ಎಂದಳು.

ಕಾಳೇಗೌಡ ಚಾವಡಿಯ ಕಡೆ ಬರಲಿಲ್ಲ. ನಾನು ಊರು ಬಿಡುವಾಗ ಅವನು ಹೊಲದ ಆ ಕೊನೆಯಲ್ಲಿದ್ದ. ಎತ್ತುಗಳನ್ನು ತಿರುಗಿಸಿಕೊಂಡು ಮತ್ತೊಂದು ಸಾಲು ಹಿಡಿದ.