ಅತ್ತೆಯ ಎಡಗಣ್ಣು, ಸೊಸೆಯ ಸಾಸು

ಹೊರಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ದೊಡ್ಡ ಬಾಣಲೆಯಲ್ಲಿ ಸಕ್ಕರೆ, ಟೊಮೆಟೊ, ಅನಾನಸ್ ರಸ ಕೂಡಿ ಕೆಂಪಗೆ ಕುದಿಯುತ್ತಿರುವಾಗ ಸೊಸೆ ವಿನೆಗರ್ ಸುರಿಯುತ್ತಾಳೆ. ಘಾಟು ಭುಗಿಲೆನ್ನುತ್ತದೆ. ಗಂಡ ಕೆಮ್ಮುತ್ತಾ ಹಿತ್ತಿಲಿಗೆ ಓಡುತ್ತಾನೆ, ಅತ್ತೆ ಟವೆಲಿನಿಂದ ಮೂಗು ಮುಚ್ಚಿಕೊಳ್ಳುತ್ತಾರೆ. ಆಕೆ ಮಾತ್ರ ಬಾಣಲೆಯ ಮೇಲೇ ಬಗ್ಗಿ, ಏನೂ ಆಗದವಳಂತೆ ಸೌಟು ತಿರುಗಿಸುತ್ತಾಳೆ. ಸುರಿದಾಯಿತೆಂಬ ಗುರುತಿಗೆ ಬಾಟಲಿಯನ್ನು ಮರೆಯದೆ ಕಿಟಕಿಯ ಬಳಿ ಬೋರಲು ಹಾಕುತ್ತಾಳೆ. ಇದು ಹೋದ ವಾರ ಕಲಿತ ಪಾಠ.

ಹಿಂದೊಮ್ಮೆ ಬಂದ ಜ್ವರ ಹೋಗುವಾಗ ಆಕೆಯ ಮೂಗು, ನಾಲಿಗೆ ಎರಡನ್ನೂ ಹೊತ್ತುಕೊಂಡೇ ಹೋಗಿದೆ. "ಸಕ್ಕರೆ ಬಾಯಿಗೆ ಹಾಕ್ಕೊಂಡ್ರೆ ಮರಳು ಅಗಿದ ಹಾಗಾಗುತ್ತೆ" ಎಂದು ನಗುತ್ತಾಳೆ. ಹಾಗಿದ್ದೂ ಬೀದಿಯ ಕೊನೆಯ ಹೋಟೆಲಿಗೆ ಸಿಹಿಹುಳಿ ಸಾಸು ಹೋಗುವುದು ಈ ಅಡುಗೆಮನೆಯಿಂದಲೇ. ಅಳತೆ ಇಟ್ಟುಕೊಂಡರೆ ಸಾಲದೇ? "ಅಳತೆ ಇದ್ದೇ ಇದೆ. ಹಣ್ಣು ನಮ್ಮ ಮಾತು ಕೇಳ್ಬೇಕಲ್ಲ! ಇವತ್ತಿಂದು ಸಿಹಿ, ನಾಳೇದು ಹುಳಿ."

ಅದಕ್ಕೇ ಪ್ರತಿ ಬಾಣಲೆಯ ಮೊದಲ ಚಮಚ ಅತ್ತೆಗೆ. ಹುಳಿ ಒಂಚೂರು ಹೆಚ್ಚಾದರೂ ಅವರ ಎಡಗಣ್ಣು ತಾನಾಗಿಯೇ ಮುಚ್ಚಿಕೊಳ್ಳುತ್ತದೆ.

ಹೋದ ವಾರ ಎಡವಟ್ಟಾಯಿತು. ವಿನೆಗರ್ ಹಾಕಿದೆನೋ ಇಲ್ಲವೋ ಎಂಬ ಅನುಮಾನದಲ್ಲಿ ಆಕೆ ಇನ್ನೊಮ್ಮೆ ಸುರಿದಳು. ಮೂಗಿದ್ದವರಾದರೆ ವಾಸನೆಯೇ ಹೇಳುತ್ತಿತ್ತು. "ಹಲ್ಲೆಲ್ಲಾ ಜುಮ್ಮೆಂತು ಕಣೇ, ಕಳಿಸಬೇಡ" ಎಂದರು ಅತ್ತೆ. ಹಿಂದಿನ ದಿನವಷ್ಟೇ ಇಬ್ಬರಿಗೂ ಜಗಳವಾಗಿತ್ತು. ಬೇಕೆಂದೇ ಕೊಂಕು ತೆಗೆಯುತ್ತಿದ್ದಾರೆ ಅಂದುಕೊಂಡು ಆಕೆ ಡಬ್ಬಿಯ ಮುಚ್ಚಳ ಬಿಗಿದೇಬಿಟ್ಟಳು. ಡಬ್ಬಿ ಹಾಗೇ ವಾಪಸು ಬಂತು. ಇನ್ನೊಂದು ಸಲ ಹೀಗಾದರೆ ಕಾರ್ಖಾನೆಯ ಬಾಟಲಿ ತರಿಸುವುದಾಗಿ ಹೋಟೆಲಿನ ಅಡುಗೆಯವನು ಹೇಳಿಹೋಗಿದ್ದಾನೆ. ಈ ಮನೆ ನಡೆಯುವುದೇ ಆ ಡಬ್ಬಿಗಳಿಂದ. ಇವತ್ತು ಅವನೇ ಬಂದು ರುಚಿ ನೋಡುತ್ತಾನೆ. ಅತ್ತೆಯೋ, ಅಂದಿನಿಂದ ತುಟಿ ಪಿಟಕ್ಕೆಂದಿಲ್ಲ.

ನೀರಲ್ಲಿ ಕದಡಿದ ಕಾರ್ನ್‌ಫ್ಲೋರ್ ಬಿದ್ದು ಸಾಸು ಹೊಳೆಯತೊಡಗುತ್ತದೆ. ಹೊರಗೆ ಸ್ಕೂಟರ್ ನಿಂತ ಸದ್ದು. ಆಕೆ ಒಂದು ಚಮಚ ಸಾಸು ಊದಿ ಆರಿಸಿ ಅತ್ತೆಯ ಮುಂದೆ ಹಿಡಿಯುತ್ತಾಳೆ.

"ಅತ್ತೆ, ತಪ್ಪು ನಂದೇ. ನೋಡಿ ಒಂಚೂರು."

"ನನ್ನ ನಾಲಿಗೆ ಯಾಕೆ ಬೇಕು ನಿನಗೆ?" ಮುದುಕಿ ಗೋಡೆಯತ್ತ ಮುಖ ತಿರುಗಿಸುತ್ತಾರೆ. ಬಾಗಿಲು ಬಡಿದ ಸದ್ದಾಗುತ್ತದೆ. ಆಕೆ ಚಮಚ ಕೆಳಗಿಳಿಸುವುದಿಲ್ಲ. ಕೊನೆಗೆ ಅತ್ತೆ ತಿರುಗಿ ಬಾಯಿ ತೆರೆಯುತ್ತಾರೆ.

ಎಡಗಣ್ಣು ಮುಚ್ಚಿಕೊಳ್ಳುತ್ತದೆ.

ಈ ಸಲ ವಾದವಿಲ್ಲ. ಆಕೆ ಹಿಡಿ ಸಕ್ಕರೆ ಹಾಕಿ, ಕರಗಿಸಿ, ಮತ್ತೆ ಚಮಚ ತರುತ್ತಾಳೆ. ಗಂಡ ಬಾಗಿಲಲ್ಲೇ ಅಡುಗೆಯವನನ್ನು ಮಾತಿಗೆಳೆದು ನಿಲ್ಲಿಸಿಕೊಂಡಿದ್ದಾನೆ. ಅತ್ತೆ ಚಪ್ಪರಿಸುತ್ತಾರೆ. ಎರಡು ಕಣ್ಣೂ ತೆರೆದೇ ಇವೆ. "ಹ್ಞೂಂ, ಒಳಗೆ ಕರಿ ಅವನನ್ನ."

ಅಡುಗೆಯವನು ರುಚಿ ನೋಡುತ್ತಾನೆ. ಚಮಚವನ್ನು ಇನ್ನೊಮ್ಮೆ ನೆಕ್ಕಿ, "ಡಬ್ಬಿ ತುಂಬಿಸಿ ಅಕ್ಕ, ಹೊತ್ತಾಯ್ತು" ಎನ್ನುತ್ತಾನೆ. ಆಕೆಗೆ ಹೋದ ಜೀವ ಬಂದಂತಾಗುತ್ತದೆ.

ಸ್ಕೂಟರ್ ಹೋದ ಮೇಲೆ ಬಾಣಲೆ ತೊಳೆಯುತ್ತಾ ಆಕೆ ತನ್ನ ಆಸೆ ಹೇಳಿಕೊಳ್ಳುತ್ತಾಳೆ. "ಒಂದೇ ಒಂದು ದಿನ, ವಿನೆಗರ್ ಸುರಿದಾಗ ನಾನೂ ಕೆಮ್ಮುತ್ತಾ ಹಿತ್ತಿಲಿಗೆ ಓಡ್ಬೇಕು."

"ಆಮೇಲೆ ನನ್ನ ಕೇಳೋರು ಯಾರು?" ಮೂಲೆಯಿಂದ ಅತ್ತೆಯ ದನಿ.

ಆಕೆ ಕೈ ಒರೆಸಿಕೊಂಡು ಅತ್ತೆಯ ಪಕ್ಕ ಕೂರುತ್ತಾಳೆ. "ಆಗಲೂ ಮೊದಲ ಚಮಚ ನಿಮಗೇ, ಅತ್ತೆ."